ನಿಂತುಹೋಗಿದ್ದ ಹಳೆಯ ಕಾರಿನ ದುರಸ್ತಿ: ಮೊದಲು ಎಂಜಿನ್ನೋ, ಬ್ರೇಕೋ, ತಳದ ತುಕ್ಕೋ?

ಗ್ಯಾರೇಜುವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಓಡದೆ ನಿಂತಿದ್ದ ಹಳೆಯ ಪೆಟ್ರೋಲ್ ಕಾರೊಂದನ್ನು ಮನೆಯ ಗ್ಯಾರೇಜಿನಲ್ಲಿಯೇ, ಬಿಡುವಿದ್ದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ದುರಸ್ತಿ ಮಾಡುತ್ತಿದ್ದೇನೆ. ನಾಲ್ಕು ಸಿಲಿಂಡರಿನ, ಕಾರ್ಬುರೇಟರ್ ಇರುವ ಎಂಜಿನ್. ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುವ ರಚನೆ.

ಈವರೆಗಿನ ಪ್ರಗತಿ ಹೀಗಿದೆ. ಬಿಗಿದುಕೊಂಡಿದ್ದ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಸಿಲಿಂಡರುಗಳಿಗೆ ಬಿಟ್ಟು, ಅದು ಪಿಸ್ಟನ್ ರಿಂಗುಗಳ ಸುತ್ತ ಇಳಿಯುವವರೆಗೆ ಕಾದು, ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಹಿಂದೆ ಮುಂದೆ ಅಲುಗಿಸುತ್ತ ಹೋದದ್ದರಿಂದ ಅದೀಗ ಕೈಯಲ್ಲೇ ಪೂರ್ತಿ ಸುತ್ತುತ್ತದೆ. ಪೆಟ್ರೋಲ್ ಟ್ಯಾಂಕನ್ನು ಇಳಿಸಿದ್ದೇನೆ. ಕಾರ್ಬುರೇಟರಿನ ಜೆಟ್ಟುಗಳಲ್ಲಿ ಅಂಟಿನಂತೆ ಗಟ್ಟಿಯಾಗಿದ್ದ ಹಳೆಯ ಪೆಟ್ರೋಲನ್ನು ತೆಗೆದು ಸ್ವಚ್ಛ ಮಾಡಿಯಾಗಿದೆ. ನಂತರ ಕಂಪ್ರೆಷನ್ (ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗೆ ಉಂಟಾಗುವ ಒತ್ತಡ) ಅಳೆದಾಗ ಒಂದನೆಯ ಸಿಲಿಂಡರಿನಲ್ಲಿ 145, ಎರಡನೆಯದರಲ್ಲಿ 140, ಮೂರನೆಯದರಲ್ಲಿ 70, ನಾಲ್ಕನೆಯದರಲ್ಲಿ 140 ಪಿಎಸ್‌ಐ (ಒತ್ತಡದ ಅಳತೆಯ ಘಟಕ) ಬಂದಿತು.

ಉಳಿದಿರುವ ತೊಂದರೆಗಳೆಂದರೆ, ಬ್ರೇಕ್ ಪೆಡಲ್ ಒತ್ತಿದರೆ ತಳದವರೆಗೂ ಇಳಿಯುತ್ತದೆ. ಹಿಂದಿನ ಒಂದು ಚಕ್ರ ತಿರುಗುವುದೇ ಇಲ್ಲ. ಚಾಲಕನ ಕಾಲಿನ ಕೆಳಗೆ ತಗಡು ತೂತಾಗಿದೆ. ಬಾಗಿಲ ಕೆಳಗಿನ ಸಿಲ್‌ನ ಒಂದು ಕಡೆ ಸ್ಕ್ರೂಡ್ರೈವರ್ ಒಳಗೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ಒಂದು ಕಾರಿಗಷ್ಟೇ ಜಾಗವಿದೆ. ಇಂಥ ಸ್ಥಿತಿಯಲ್ಲಿ ಎಲ್ಲವನ್ನೂ ಬಿಚ್ಚಿ ಬರಿಯ ಬಾಡಿಯಿಂದ ಆರಂಭಿಸುವುದು ಸರಿಯೋ ಅಥವಾ ಕಾರನ್ನು ಇಡಿಯಾಗಿಟ್ಟುಕೊಂಡು ಒಂದೊಂದೇ ಭಾಗವನ್ನು ಸರಿಪಡಿಸುತ್ತ ಹೋಗುವುದು ಸರಿಯೋ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ತುಕ್ಕುವೈರಿ

ಎಂಜಿನ್ ತಿರುಗಿದ ಸಂತೋಷ ಅರ್ಥವಾಗುತ್ತದೆ, ಆದರೆ ಅದಕ್ಕೆ ಇನ್ನೊಂದು ಬಿಡಿಭಾಗ ಕೊಳ್ಳುವ ಮೊದಲು ತಳವನ್ನು ಪೂರ್ತಿಯಾಗಿ ಪರೀಕ್ಷಿಸಿ. ಎಂಜಿನ್ ಕೆಟ್ಟರೆ ಬದಲಿಸಬಹುದು. ಬಾಡಿಯೇ ಭಾರ ಹೊರುವ ಕಾರಿನಲ್ಲಿ ರಚನೆ ಸೋತಿದ್ದರೆ ಮಿಕ್ಕ ಯಾವ ಕೆಲಸಕ್ಕೂ ಅರ್ಥವಿರುವುದಿಲ್ಲ. ಕಣ್ಣಿಗೆ ಬಿದ್ದ ತೂತು ನನ್ನನ್ನು ಅಷ್ಟು ಹೆದರಿಸುವುದಿಲ್ಲ. ಸಿಲ್‌ನ ಎರಡೂ ತುದಿಗಳು, ಜಾಕ್ ಕೊಡುವ ಜಾಗಗಳು, ಸಸ್ಪೆನ್ಷನ್ ಜೋಡಣೆಯಾಗುವ ಸ್ಥಳಗಳು, ಬಾಗಿಲ ಹಿಂಜುಗಳು ಕೂರುವ ಕಂಬದ ಬುಡ ಮತ್ತು ಬ್ಯಾಟರಿಯ ಕೆಳಗಿನ ತಟ್ಟೆ, ಇವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಖಣಖಣ ಎನ್ನುತ್ತದೆ. ತುಕ್ಕು ತಿಂದದ್ದು ಮಂಕಾದ ಸದ್ದು ಮಾಡುತ್ತದೆ.

ಸಿಲ್ ಕತ್ತರಿಸಲೇಬೇಕಾದರೆ ಮೊದಲು ಬಾಗಿಲಿನ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ತಾತ್ಕಾಲಿಕವಾಗಿ ಬಿಗಿದು, ಕಾರಿನ ಭಾರ ಸಸ್ಪೆನ್ಷನ್ ಕೂರುವ ಜಾಗಗಳ ಮೇಲೆಯೇ ಸಮನಾಗಿ ನಿಲ್ಲುವಂತೆ ಆಧಾರ ಕೊಟ್ಟು, ಒಂದು ಪಕ್ಕದ ಕೆಲಸ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಪಕ್ಕಕ್ಕೆ ಕೈಹಾಕಬೇಕು. ಹೊಸ ತಗಡನ್ನು ಕ್ಲ್ಯಾಂಪುಗಳಲ್ಲಿ ಹಿಡಿಸಿದ ಮೇಲೆ, ವೆಲ್ಡ್ ಮಾಡುವ ಮೊದಲು, ಬಾಗಿಲನ್ನು ಮುಚ್ಚಿ ಅದರ ಸುತ್ತಲಿನ ಸಂದು ಒಂದೇ ಸಮನಾಗಿದೆಯೇ ಎಂದು ನೋಡಿ. ತೆಳ್ಳನೆಯ ತಗಡಿನ ಮೇಲೆ ಒಂದೇ ಎಳೆತದಲ್ಲಿ ವೆಲ್ಡ್ ಹಾಕಿದರೆ ಶಾಖಕ್ಕೆ ಅದು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ ಹಾಕುತ್ತ, ಆರಲು ಬಿಡುತ್ತ ಹೋಗಿ, ಕೊನೆಗೆ ಚುಕ್ಕೆಗಳನ್ನು ಕೂಡಿಸುವುದೇ ಕ್ರಮ.

ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡಲಾರೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ತಗಡನ್ನು ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು. ಆದ್ದರಿಂದ ವೆಲ್ಡಿಂಗ್ ಮಾಡುವ ಗ್ಯಾರೇಜಿನಲ್ಲಿ ಆ ಡಬ್ಬಿಯೇ ಬೇಡ. ನೀವು ಇಳಿಸಿದ ಪೆಟ್ರೋಲ್ ಟ್ಯಾಂಕ್ ಖಾಲಿಯಾಗಿದ್ದರೂ ಅದರೊಳಗಿನ ಆವಿ ಸ್ಫೋಟಕವೇ, ಅದನ್ನು ಹೊರಗಿಡಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚುವುದನ್ನು ಮರೆಯಬೇಡಿ. ಕೆಲಸ ಮುಗಿದ ಕೂಡಲೇ ದೀಪ ಆರಿಸಿ ಹೋಗದೆ ಅಲ್ಲಿಯೇ ಇದ್ದು ಗಮನಿಸುತ್ತಿರಿ. ತಳಕ್ಕೆ ಬಳಿದಿರುವ ಡಾಂಬರು ಲೇಪನ ತಡವಾಗಿ ಹೊಗೆಯಾಡತೊಡಗುವುದುಂಟು.

ಸ್ಪಾನರ್ 13

ಪರೀಕ್ಷೆ ಮೊದಲು ತಳದ್ದೇ ಆಗಬೇಕು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಕೆಲಸದ ಕ್ರಮ ಬೇರೆ ಎಂಬುದು ನನ್ನ ಅಭಿಪ್ರಾಯ: ಮೊದಲು ಬ್ರೇಕ್, ಆಮೇಲೆ ಎಂಜಿನ್, ಕಡೆಗೆ ಕತ್ತರಿಸುವ ಕೆಲಸ. ಒಂದೇ ಕಾರಿನ ಜಾಗವಿರುವಲ್ಲಿ ಎಲ್ಲವನ್ನೂ ಬಿಚ್ಚಿದರೆ ಬಾಗಿಲು, ಬಾನೆಟ್, ಸೀಟು, ಗಾಜುಗಳೇ ಜಾಗವನ್ನೆಲ್ಲ ಆಕ್ರಮಿಸಿಕೊಂಡು, ಕೆಲಸ ಮಾಡುವವರು ನಿಲ್ಲಲೂ ಎಡೆ ಇರುವುದಿಲ್ಲ. ತಾನಾಗಿ ಉರುಳುವ, ತಾನಾಗಿ ನಿಲ್ಲುವ ಕಾರನ್ನು ಹೊರಗೆ ತಳ್ಳಿ ನೆಲ ಗುಡಿಸಬಹುದು, ವೆಲ್ಡಿಂಗಿಗೆ ಗಾಳಿ ಬೆಳಕಿನ ಜಾಗಕ್ಕೆ ತರಬಹುದು. ಬಿಡಿಭಾಗಗಳಾಗಿ ಪೆಟ್ಟಿಗೆ ಸೇರಿದ ಕಾರುಗಳಲ್ಲಿ ಬಹುಪಾಲು ಮತ್ತೆ ಜೋಡಣೆಯಾಗದೆ ಪೆಟ್ಟಿಗೆಯಲ್ಲಿದ್ದಂತೆಯೇ ಇನ್ನೊಬ್ಬರ ಕೈಸೇರುತ್ತವೆ ಎನ್ನುವುದು ಈ ಹವ್ಯಾಸದಲ್ಲಿರುವವರಿಗೆಲ್ಲ ಗೊತ್ತಿರುವ ಸಂಗತಿ.

ತಿರುಗದ ಚಕ್ರದಲ್ಲಿರುವುದು ಡ್ರಮ್ ಬ್ರೇಕ್ ಆಗಿದ್ದರೆ, ಲೈನಿಂಗ್ (ಡ್ರಮ್ಮಿಗೆ ಒತ್ತಿ ಚಕ್ರವನ್ನು ನಿಲ್ಲಿಸುವ ಪದರ) ತುಕ್ಕಿನಿಂದ ಡ್ರಮ್ಮಿಗೆ ಅಂಟಿರುವ ಸಾಧ್ಯತೆಯೇ ಹೆಚ್ಚು. ಹ್ಯಾಂಡ್‌ಬ್ರೇಕ್ ತಂತಿಯನ್ನೂ ಅಡ್ಜಸ್ಟರನ್ನೂ ಪೂರ್ತಿ ಸಡಿಲಿಸಿ, ಚಕ್ರ ತೆಗೆದು, ವೀಲ್ ಸ್ಟಡ್‌ಗಳ ನಡುವಿನ ಮುಖದ ಮೇಲೆ ಸುತ್ತಲೂ ಬಡಿಯಿರಿ. ಅಂಚಿಗೆ ಬಡಿದರೆ ಎರಕದ ಡ್ರಮ್ ಸೀಳುತ್ತದೆ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸಬಾರದು. ಸರಿಯಾದ ಮಾಸ್ಕ್ ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಕಾರಿನ ಕೆಳಗೆ ಹೋಗುವಾಗ ಜಾಕ್ ಒಂದನ್ನೇ ನಂಬುವಂತಿಲ್ಲ, ಸ್ಟ್ಯಾಂಡ್ ಇರಲೇಬೇಕು ಎನ್ನುವುದು ನಿಮಗೆ ತಿಳಿದದ್ದೇ.

ಪೆಡಲ್ ತಳಕ್ಕೆ ಇಳಿಯುವುದಕ್ಕೆ ಬ್ರೇಕಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ) ಸವೆದಿರುವುದು, ಚಕ್ರದ ಸಿಲಿಂಡರ್ ಸೋರುತ್ತಿರುವುದು ಅಥವಾ ಕೊಳವೆಯಲ್ಲಿ ಗಾಳಿ ಸೇರಿರುವುದು ಕಾರಣವಾಗಿರಬಹುದು. ಯಾವುದೇ ಆಗಿರಲಿ, ಇಷ್ಟು ಕಾಲ ನಿಂತ ಕಾರಿನಲ್ಲಿ ರಬ್ಬರ್ ಎನ್ನುವುದನ್ನೆಲ್ಲ ಬದಲಿಸುವುದೇ ಕ್ಷೇಮ. ಹೊರಗಿನಿಂದ ಚೆನ್ನಾಗಿಯೇ ಕಾಣುವ ಬ್ರೇಕ್ ಹೋಸ್ ಒಳಗೆ ಉಬ್ಬಿಕೊಂಡು, ಒತ್ತಡವನ್ನು ಹೋಗಲು ಬಿಟ್ಟು ಹಿಂದಿರುಗಲು ಬಿಡದೆ, ಚಕ್ರವನ್ನು ಹಿಡಿದಿಟ್ಟುಕೊಳ್ಳುವುದುಂಟು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ: ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಮಾನದ ಪ್ರಕಾರ ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಹೀಗಾಗಿ ಹಳೆಯದನ್ನು ಪೂರ್ತಿ ಹೊರಹಾಕಿ. ಡಾಟ್ 5 ಸಿಲಿಕೋನ್ ಆಧಾರದ್ದು, ಅದನ್ನು ಮಿಕ್ಕವುಗಳೊಂದಿಗೆ ಬೆರೆಸುವಂತಿಲ್ಲ, ಡಾಟ್ 5.1 ಎಂಬುದು ಹೆಸರಿನಲ್ಲಿ ಅದಕ್ಕೆ ಹತ್ತಿರವೆನಿಸಿದರೂ ಡಾಟ್ 4ರ ಜಾತಿಯದು. ಯಾರು ಈ ಹೆಸರುಗಳನ್ನಿಟ್ಟರೋ, ಅಂಗಡಿಯಲ್ಲಿ ನಿಂತು ಡಬ್ಬಿ ಓದುವವರ ಪಾಡನ್ನು ಅವರು ಯೋಚಿಸಿದಂತಿಲ್ಲ.

ಟ್ಯಾಪೆಟ್

ಕಂಪ್ರೆಷನ್ ಬಗ್ಗೆ ಮಾತ್ರ ಹೇಳುತ್ತೇನೆ. ಮೂರು ಸಿಲಿಂಡರುಗಳು ಆರೋಗ್ಯವಾಗಿವೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಕಡಿಮೆ ಬಂದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿಗೂ ಅವುಗಳ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ ಎಂದು ಶಂಕಿಸಬೇಕಾಗಿತ್ತು. ಒಂದರಲ್ಲಿ ಮಾತ್ರ ಇಳಿದಿರುವುದರಿಂದ ಅದರ ಪಿಸ್ಟನ್ ರಿಂಗ್ ಅಥವಾ ವಾಲ್ವ್ (ಸಿಲಿಂಡರಿನ ಕವಾಟ) ಕಡೆಗೆ ಗಮನ ಹರಿಸಬಹುದು. ಆ ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಥ್ರಾಟಲ್ ಪೂರ್ತಿ ತೆರೆದಿಟ್ಟು, ತುಂಬಿದ ಬ್ಯಾಟರಿಯಿಂದ ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗು, ಏರದಿದ್ದರೆ ವಾಲ್ವ್.

ಏರ್ ಕಂಪ್ರೆಸರ್ ಇದ್ದರೆ ಇನ್ನೂ ಖಚಿತವಾಗಿ ತಿಳಿಯಬಹುದು. ಮೂರನೆಯ ಪಿಸ್ಟನ್ನನ್ನು ಕಂಪ್ರೆಷನ್ ಹಂತದ ತುತ್ತತುದಿಗೆ ತಂದು, ಪ್ಲಗ್ಗಿನ ತೂತಿನಿಂದ ಕಡಿಮೆ ಒತ್ತಡದ ಗಾಳಿಯನ್ನು ಬಿಟ್ಟು ಆಲಿಸಿ. ಕಾರ್ಬುರೇಟರಿನಲ್ಲಿ ಬುಸುಗುಟ್ಟಿದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಎಂಜಿನ್ ಆಯಿಲ್ ಹಾಕುವ ಬಾಯಿಯಲ್ಲಾದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆಯೆದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಗಾಳಿ ಬಿಡುವ ಮೊದಲು ಕ್ರ್ಯಾಂಕ್ ಬೋಲ್ಟಿನ ಮೇಲಿಂದ ಪಾನಾ ತೆಗೆದಿಡಿ. ಗಾಳಿಯ ಒತ್ತಡಕ್ಕೆ ಎಂಜಿನ್ ಫಕ್ಕನೆ ತಿರುಗಿದರೆ ಆ ಪಾನಾ ನಿಮ್ಮ ಮುಂಗೈಯನ್ನೇ ಹುಡುಕಿಕೊಂಡು ಬರುತ್ತದೆ.

ವಾಲ್ವ್ ಎಂದು ಗೊತ್ತಾದರೂ ಕೂಡಲೇ ಹೆಡ್ ಬಿಚ್ಚಬೇಡಿ. ಟ್ಯಾಪೆಟ್ ಸಂದನ್ನು (ವಾಲ್ವ್ ಮುಚ್ಚಿರುವಾಗ ಅದಕ್ಕೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಸಣ್ಣ ಅಂತರ) ಫೀಲರ್ ಗೇಜ್ ಎಂಬ ತೆಳ್ಳನೆಯ ಅಳತೆಪಟ್ಟಿಗಳಿಂದ ಮೊದಲು ಅಳೆಯಿರಿ.

ಗ್ಯಾರೇಜುವಾಸಿ

ಮೂವರಿಗೂ ಧನ್ಯವಾದಗಳು. ತಳವನ್ನು ತಟ್ಟಿ ನೋಡಿದಾಗ ಸಸ್ಪೆನ್ಷನ್ ಜೋಡಣೆಯ ಸ್ಥಳಗಳು ಗಟ್ಟಿಯಾಗಿವೆ ಎಂದು ತಿಳಿಯಿತು. ಕೊಳೆತಿರುವುದು ಚಾಲಕನ ಕಡೆಯ ನೆಲ ಮತ್ತು ಅದೇ ಪಕ್ಕದ ಸಿಲ್‌ನ ಮುಂಭಾಗ ಮಾತ್ರ. ಆದ್ದರಿಂದ ಕಾರನ್ನು ಇಡಿಯಾಗಿಯೇ ಇಟ್ಟುಕೊಂಡು ಬ್ರೇಕಿನಿಂದ ಆರಂಭಿಸಿದ್ದೇನೆ, ಅಂಟಿಕೊಂಡಿದ್ದ ಡ್ರಮ್ ಹೊರಬಂದಿದೆ.

ಮೂರನೆಯ ಸಿಲಿಂಡರಿಗೆ ಆಯಿಲ್ ಬಿಟ್ಟ ಮೇಲೆ 75 ಪಿಎಸ್‌ಐ ಮಾತ್ರ ಬಂತು. ಗಾಳಿ ಬಿಟ್ಟಾಗ ಸದ್ದು ಸೈಲೆನ್ಸರಿನಿಂದ ಕೇಳಿಸಿತು. ಆ ಎಕ್ಸಾಸ್ಟ್ ವಾಲ್ವಿನಲ್ಲಿ ಸಂದು ಇರಲೇ ಇಲ್ಲ. ಅತ್ಯಂತ ತೆಳ್ಳನೆಯ ಫೀಲರ್ ಕೂಡ ಒಳಹೋಗಲಿಲ್ಲ. ಸೇವಾ ಕೈಪಿಡಿಯಲ್ಲಿ ಹೇಳಿದಷ್ಟು ಸಂದು ಕೊಟ್ಟು ಅಳೆದಾಗ 120 ತೋರಿಸುತ್ತಿದೆ. ಇಷ್ಟರಲ್ಲಿ ಎಂಜಿನ್ ಶುರು ಮಾಡಬಹುದೇ?

ಟ್ಯಾಪೆಟ್

ಮಾಡಬಹುದು. ಸಂದು ಇಲ್ಲದೆ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ, ಈಗ ಮುಚ್ಚುತ್ತಿದೆ. ಉಳಿದ ಕೊರತೆಗೆ ವಾಲ್ವ್ ಮುಚ್ಚಿದಾಗ ಕೂರುವ ಸೀಟಿನ ಮೇಲಿನ ತುಕ್ಕು ಮತ್ತು ಮಸಿ ಕಾರಣವಾಗಿದ್ದರೆ ಎಂಜಿನ್ ಬಿಸಿಯಾಗಿ ಕೆಲವು ಬಾರಿ ಓಡಿದ ಮೇಲೆ ಅದೂ ತುಂಬಿಕೊಳ್ಳಬಹುದು. ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ಪ್ಲಗ್‌ಗಳಿಲ್ಲದೆ ಸೆಲ್ಫ್ ಮೋಟಾರಿನಿಂದ ತಿರುಗಿಸಿ, ಆಯಿಲ್ ಒತ್ತಡ ಬಂದದ್ದು ಖಚಿತವಾದ ಮೇಲೆಯೇ ಶುರು ಮಾಡಿ. ಗ್ಯಾರೇಜಿನ ಬಾಗಿಲು ತೆರೆದಿರಲಿ, ಸಾಧ್ಯವಾದರೆ ಸೈಲೆನ್ಸರಿನ ತುದಿ ಹೊರಗಡೆಗೇ ಇರಲಿ.

ಸಂದು ಏಕೆ ಮುಚ್ಚಿಹೋಯಿತು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಸೀಸ ಬೆರೆತ ಪೆಟ್ರೋಲಿಗಾಗಿ ರೂಪಿಸಿದ ಎಂಜಿನ್ನುಗಳಲ್ಲಿ ಆ ಸೀಸವೇ ಎಕ್ಸಾಸ್ಟ್ ವಾಲ್ವಿನ ಸೀಟನ್ನು ಸವೆತದಿಂದ ಕಾಯುತ್ತಿತ್ತು. ಸೀಸವಿಲ್ಲದ ಪೆಟ್ರೋಲಿನಲ್ಲಿ ಬಿರುಸಾಗಿ ಓಡಿಸಿದಾಗ ಮೆದುವಾದ ಸೀಟು ಸವೆದು, ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತ, ಸಂದನ್ನು ನುಂಗಿಹಾಕುತ್ತದೆ. ಈಗ ಕೊಟ್ಟಿರುವ ಸಂದನ್ನು ಬರೆದಿಟ್ಟುಕೊಂಡು, ಕಾರು ರಸ್ತೆಗಿಳಿದು ಸ್ವಲ್ಪ ದೂರ ಓಡಿದ ಮೇಲೆ ಮತ್ತೆ ಅಳೆಯಿರಿ. ಅಷ್ಟೇ ಇದ್ದರೆ ಹೆಡ್ಡನ್ನು ಮುಟ್ಟಬೇಕಿಲ್ಲ. ಮತ್ತೆ ಕಡಿಮೆಯಾಗಿದ್ದರೆ ಹೆಡ್ ಬಿಚ್ಚಿ ಎಂಜಿನ್ ವರ್ಕ್‌ಶಾಪಿನಲ್ಲಿ ಗಟ್ಟಿ ಲೋಹದ ಸೀಟು ಕೂರಿಸಬೇಕಾಗುತ್ತದೆ. ಆಗ ಹೆಡ್ ಬೋಲ್ಟುಗಳನ್ನು ಎಂಜಿನ್ ತಣ್ಣಗಿರುವಾಗಲೇ, ಬಿಗಿಯುವ ಕ್ರಮಕ್ಕೆ ತಿರುಗುಮುರುಗಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ.