ಸರ್ವೈಕಲ್ ಕ್ಯಾನ್ಸರ್‌ಗೆ ವೈರಸ್ ಇಂಜೆಕ್ಷನ್ ಕೊಡ್ತಾರಂತೆ, ನಿಜಾನಾ?

ಹೊಂಗೆನೆರಳು:
ಎಲ್ರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮಂಗೆ ಬಯಾಪ್ಸಿಲಿ ಗರ್ಭಕಂಠದ ಕ್ಯಾನ್ಸರ್ ಅಂತ ಬಂದಿದೆ, ಸ್ಟೇಜ್ 2ಬಿ. ಡಾಕ್ಟ್ರು ರೇಡಿಯೇಷನ್, ಅದರ ಜೊತೆಗೇ ವಾರಕ್ಕೊಂದ್ಸಲ ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ, ಕೊನೇಲಿ ಒಳಗಿಂದ ರೇಡಿಯೇಷನ್ ಕೊಡೋ ಬ್ರಾಕಿಥೆರಪಿ ಅಂತ ಪ್ಲಾನ್ ಹೇಳಿದಾರೆ. ಇಷ್ಟರಲ್ಲಿ ಕಸಿನ್ ಒಬ್ಬ ವಿಡಿಯೋ ಕಳಿಸಿದಾನೆ, ಕ್ಯಾನ್ಸರನ್ನ ಮಾತ್ರ ಹುಡುಕಿ ಕೊಲ್ಲೋ ವೈರಸ್ ಬಂದಿದೆ, ಸೈಡ್ ಎಫೆಕ್ಟೇ ಇಲ್ಲ ಅಂತೆಲ್ಲಾ. ಚಿಕ್ಕಮ್ಮ ರೇಡಿಯೇಷನ್ ಅಂದ್ರೆ ಮೊದ್ಲೇ ಹೆದರ್ಕೊಂಡಿದ್ರು, ಈಗ ಸ್ವಲ್ಪ ತಡೆದು ಅದನ್ನೇ ಮಾಡಿಸೋಣ ಅಂತಿದಾರೆ. ನಂಗೆ ಒಂದು ಅರ್ಥ ಆಗ್ತಿಲ್ಲ, ಈ ಕ್ಯಾನ್ಸರ್ ಬರೋದೇ ಎಚ್‌ಪಿವಿ ವೈರಸ್‌ನಿಂದ ಅಂತಾರೆ, ಅದಕ್ಕೆ ಮತ್ತೆ ವೈರಸ್ಸೇ ಬಿಡೋದಾ? ಗೊತ್ತಿರೋರು ಹೇಳಿ ಪ್ಲೀಸ್.

ಕೋಶವಾಸಿ:
ವಿಡಿಯೋ ಪೂರ್ತಿ ಸುಳ್ಳಲ್ಲ, ಆದ್ರೆ ಅರ್ಧಕ್ಕೇ ನಿಲ್ಲಿಸಿದೆ.

ಇವಕ್ಕೆ ಆಂಕೋಲಿಟಿಕ್ ವೈರಸ್ ಅಂತಾರೆ, ಅಂದ್ರೆ ಕ್ಯಾನ್ಸರ್ ಕೋಶವನ್ನ ಒಡೆಯೋ ವೈರಸ್. ಎಚ್‌ಪಿವಿನೇ ಬೇರೆ, ಇದೇ ಬೇರೆ. ಎಚ್‌ಪಿವಿ ಜೀವಕೋಶದೊಳಗೆ ಸೇರ್ಕೊಂಡು ಇ6, ಇ7 ಅಂತ ಎರಡು ಪ್ರೋಟೀನ್ ಮಾಡ್ಸುತ್ತೆ. ಇ6 ಬಂದು ಪಿ53 ಅನ್ನೋ ಕಾವಲುಗಾರನ್ನ ಹಾಳು ಮಾಡುತ್ತೆ, ಇ7 ಇನ್ನೊಂದು ಬ್ರೇಕನ್ನ ಕಿತ್ತಾಕುತ್ತೆ, ಕೋಶ ಎಗ್ಗಿಲ್ಲದೆ ಬೆಳೆಯುತ್ತೆ. ಈಗ ನೆಗಡಿ ತರೋ ಅಡಿನೋವೈರಸ್ ನೋಡಿ. ಅದೂ ಕೋಶದೊಳಗೆ ಬೆಳೀಬೇಕಂದ್ರೆ ಪಿ53 ಬಾಯಿ ಮುಚ್ಚಿಸ್ಬೇಕು, ಅದಕ್ಕೇ ಒಂದು ಜೀನ್ ಇಟ್ಕೊಂಡಿರುತ್ತೆ. ವಿಜ್ಞಾನಿಗಳು ಆ ಜೀನನ್ನೇ ತೆಗೆದ್ರು. ಆರೋಗ್ಯವಾಗಿರೋ ಕೋಶದಲ್ಲಿ ಪಿ53 ಇರೋದ್ರಿಂದ ವೈರಸ್ ಬೆಳೆಯೋಕಾಗಲ್ಲ, ಕ್ಯಾನ್ಸರ್ ಕೋಶದಲ್ಲಿ ಪಿ53 ಮೊದ್ಲೇ ಹೋಗಿರುತ್ತಲ್ಲ, ಅಲ್ಲಿ ಬೆಳೆದು ಕೋಶವನ್ನ ಒಡೆದು ಆಚೆ ಬರುತ್ತೆ ಅನ್ನೋದು ಐಡಿಯಾ. ಆಮೇಲೆ ಲ್ಯಾಬಲ್ಲಿ ನೋಡಿದ್ರೆ ಲೆಕ್ಕ ಇಷ್ಟು ಸಲೀಸಾಗಿಲ್ಲ, ಬೇರೆ ಕಾರಣಗಳೂ ಇವೆ ಅಂತ ಗೊತ್ತಾಯ್ತು, ಅದು ಬೇರೆ ಕತೆ. ಈ ಥರದ ಎಚ್101 ಅನ್ನೋ ವೈರಸ್‌ಗೆ ಚೀನಾ 2005ರಲ್ಲೇ ಒಪ್ಪಿಗೆ ಕೊಟ್ಟಿದೆ, ಆದ್ರೆ ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ, ಅದೂ ಕೀಮೋ ಜೊತೆ. ಅಮೆರಿಕದಲ್ಲಿ 2015ರಲ್ಲಿ ಟಿ-ವೆಕ್ ಬಂತು, ಅದು ಬದಲಾಯಿಸಿದ ಹರ್ಪಿಸ್ ವೈರಸ್, ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್‌ಗೆ. ಗರ್ಭಕಂಠದ ಕ್ಯಾನ್ಸರ್‌ಗೆ ಇನ್ನೂ ಟ್ರಯಲ್ ಹಂತವೇ, ಮಾಮೂಲಿ ಟ್ರೀಟ್‌ಮೆಂಟಿಗೆ ಬದಲಾಗಿ ಕೊಡೋ ಥರ ಯಾವ್ದೂ ಇಲ್ಲ.

ಹಳೇಪುಟ:
ತಮಾಷೆ ಏನಂದ್ರೆ ಈ ಐಡಿಯಾ ಶುರುವಾಗಿದ್ದರಲ್ಲಿ ಇದೇ ಕ್ಯಾನ್ಸರ್‌ದು ದೊಡ್ಡ ಪಾಲು. ನಾಯಿ ಕಚ್ಚಿದ್ದಕ್ಕೆ ರೇಬಿಸ್ ಲಸಿಕೆ ತಗೊಂಡ ಹೆಂಗಸಿಗೆ ಗರ್ಭಕಂಠದ ಗಡ್ಡೆ ಕರಗ್ತು ಅಂತ ಇಟಲಿಯ ಡಿ ಪಾಚೆ ಅನ್ನೋ ಡಾಕ್ಟ್ರು 1912ರಲ್ಲಿ ಬರೆದಿದ್ರು. 1956ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನವರು ಇದೇ ಕಾಯಿಲೆ ಇದ್ದ 30 ಹೆಂಗಸರಿಗೆ ಅಡಿನೋವೈರಸ್ ಕೊಟ್ಟು ನೋಡಿದ್ರು. ಎಷ್ಟೋ ಜನರಲ್ಲಿ ಗಡ್ಡೆಯ ಒಳಭಾಗ ಸತ್ತಿತ್ತು, ಆದ್ರೆ ಆಯಸ್ಸು ಹೆಚ್ಚಲಿಲ್ಲ. ಗಡ್ಡೆ ಕರಗೋದು, ಕಾಯಿಲೆ ವಾಸಿಯಾಗೋದು ಎರಡೂ ಒಂದೇ ಅಲ್ಲ, ವಿಡಿಯೋದವರು ಇದನ್ನ ಹೇಳೋದೇ ಇಲ್ಲ.

ಹೊಂಗೆನೆರಳು:
ಥ್ಯಾಂಕ್ಸ್ ಇಬ್ರಿಗೂ. ಆದ್ರೆ ಕ್ಯಾನ್ಸರ್ ಕೋಶದಲ್ಲೇ ಬೆಳೆಯುತ್ತೆ ಅಂದ್ಮೇಲೆ ಒಂದ್ಸಲ ರಕ್ತಕ್ಕೆ ಬಿಟ್ರೆ ತಾನೇ ಹುಡುಕ್ಕೊಂಡು ಹೋಗಿ ಎಲ್ಲಾ ಮುಗಿಸ್ಬೇಕಲ್ವಾ, ಯಾಕಾಗಲ್ಲ? ಮತ್ತೆ ಎಚ್‌ಪಿವಿ ಲಸಿಕೆ ಈಗ ಹಾಕಿಸಿದ್ರೆ ಏನಾದ್ರೂ ಉಪಯೋಗ ಇದ್ಯಾ?

ಕೋಶವಾಸಿ:
ನಮ್ಮ ಮೈ ಸುಮ್ನೆ ಬಿಡ್ಬೇಕಲ್ಲ. ಅಡಿನೋವೈರಸ್ ಎದುರು ಬಹಳ ಜನರಲ್ಲಿ ಆಂಟಿಬಾಡಿ ಮೊದ್ಲೇ ಇರುತ್ತೆ, ರಕ್ತಕ್ಕೆ ಬಿಟ್ರೆ ಗಡ್ಡೆ ಮುಟ್ಟೋ ಮುಂಚೇನೇ ಹಿಡಿದು ಹಾಕುತ್ತೆ, ಲಿವರ್ ಬೇರೆ ಸೋಸಿಬಿಡುತ್ತೆ. ಅದಕ್ಕೇ ಸೀದಾ ಗಡ್ಡೆಗೇ ಚುಚ್ಚೋದು. ಕೋಶ ಒಡೆದಾಗ ಆಚೆ ಬರೋ ಚೂರುಗಳನ್ನ ನೋಡಿ ಇಮ್ಯೂನ್ ಸಿಸ್ಟಮ್ ಎಚ್ಚೆತ್ಕೊಂಡು ದೂರದ ಗಡ್ಡೆ ಮೇಲೂ ಬೀಳ್ಲಿ ಅನ್ನೋದು ಆಸೆ, ಕೆಲವ್ರಲ್ಲಿ ಆಗುತ್ತೆ, ಎಲ್ರಲ್ಲೂ ಆಗಲ್ಲ. ಟಿ-ವೆಕ್‌ದೇ ದೊಡ್ಡ ಟ್ರಯಲ್ಲಲ್ಲಿ ಆರು ತಿಂಗಳಾದ್ರೂ ನಿಲ್ಲೋ ಅಂಥ ಪರಿಣಾಮ ಸಿಕ್ಕಿದ್ದು ನೂರಕ್ಕೆ ಸುಮಾರು 16 ಜನಕ್ಕೆ. ಸೈಡ್ ಎಫೆಕ್ಟ್ ಇಲ್ಲ ಅನ್ನೋದೂ ಸುಳ್ಳು, ಜ್ವರ, ಚಳಿ, ಸುಸ್ತು, ಚುಚ್ಚಿದ ಜಾಗ ನೋವು ಎಲ್ಲಾ ಇದೆ, ಇಮ್ಯೂನಿಟಿ ತೀರಾ ಕುಸಿದಿರೋರಿಗೆ ಅದನ್ನ ಕೊಡೋದೇ ಇಲ್ಲ.

ಲಸಿಕೆ ವಿಷ್ಯ, ಅದು ಸೋಂಕು ಬರದ ಹಾಗೆ ತಡೆಯೋದು, ಬಂದಿರೋ ಕ್ಯಾನ್ಸರ್‌ಗೆ ಔಷಧಿ ಅಲ್ಲ.

ಮಲ್ಲಿಗೆಬಳ್ಳಿ:
ನಾನು ರೇಡಿಯೇಷನ್ ವಾರ್ಡಲ್ಲಿ ನರ್ಸ್. ಅಕ್ಕ, ತಡೆದು ನೋಡೋಣ ಅನ್ನೋದಕ್ಕೆ ದಯವಿಟ್ಟು ಒಪ್ಕೋಬೇಡಿ. 2ಬಿಗೆ ವಾಸಿ ಮಾಡೋ ಉದ್ದೇಶದಿಂದಲೇ ಟ್ರೀಟ್‌ಮೆಂಟ್ ಕೊಡೋದು, ಅಷ್ಟು ಒಳ್ಳೆ ಚಾನ್ಸ್ ಇದೆ. ಶುರು ಮಾಡಿದ್ಮೇಲೆ ಬ್ರಾಕಿಥೆರಪಿ ಸೇರಿ ಎಲ್ಲಾ 8 ವಾರದೊಳಗೆ ಮುಗೀಬೇಕು ಅಂತ ನೋಡ್ತೀವಿ, ಎಳೆದಷ್ಟೂ ಗಡ್ಡೆ ಹತೋಟಿಗೆ ಬರೋದು ಕಷ್ಟ. ಚಿಕ್ಕಮ್ಮಂಗೆ ಭಯ ಯಾವ್ದು ಅಂತ ಬಿಡಿಸಿ ಕೇಳಿ, ಬ್ರಾಕಿಥೆರಪಿ ನೋವಾ, ಭೇದಿ, ಮೂತ್ರದ ಉರಿನಾ, ಒಬ್ರೇ ಮೆಷಿನ್ ಕೆಳಗೆ ಮಲಗೋದಾ. ನೋವಿಗೆ ಅರಿವಳಿಕೆ ಇದೆ, ಭೇದಿಗೆ ಮಾತ್ರೆ ಇದೆ, ಮೆಷಿನ್ ರೂಮಲ್ಲಿ ಒಬ್ರೇ ಇದ್ರೂ ಕ್ಯಾಮೆರಾದಲ್ಲಿ ನಾವು ನೋಡ್ತಾನೇ ಇರ್ತೀವಿ, ಮಾತೂ ಆಡ್ತೀವಿ.

ಟ್ರಯಲ್ ಬಗ್ಗೆ ಕೇಳ್ಲೇಬೇಕಂದ್ರೆ ಅವರ ಆಂಕಾಲಜಿಸ್ಟ್ ಹತ್ರಾನೇ ಕೇಳಿ. ಟ್ರಯಲ್ ಹೆಸರಲ್ಲಿ ಯಾರಾದ್ರೂ ಇಂಜೆಕ್ಷನ್‌ಗೆ ದುಡ್ಡು ಕೇಳಿದ್ರೆ ಅನುಮಾನ ಪಡಿ.

ಹೊಂಗೆನೆರಳು:
ಕೇಳಿದೆ. ಒಬ್ರೇ ಮಲಗೋದೇ ಭಯ ಅಂತೆ. ಶುರು ಮಾಡೋ ಮುಂಚೆ ಒಂದ್ಸಲ ಆ ರೂಮ್ ತೋರಿಸ್ತಾರಾ?

ಮಲ್ಲಿಗೆಬಳ್ಳಿ:
ರೇಡಿಯೇಷನ್ ಎಲ್ಲಿಗೆ ಕೊಡ್ಬೇಕು ಅಂತ ಮೊದ್ಲು ಗುರುತು ಮಾಡೋ ಸಿಮ್ಯುಲೇಷನ್ ಸ್ಕ್ಯಾನಿಗೆ ಕರೀತಾರಲ್ಲ, ಅವತ್ತೇ ಟೆಕ್ನಿಷಿಯನ್ ಹತ್ರ ಕೇಳಿ, ಬಹಳ ಕಡೆ ತೋರಿಸ್ತಾರೆ.