ಅಪ್‌ಡೇಟ್: ತಾಂಜಾನಿಯಾದ ಮಿಷನ್ ಸೇವೆಗೆ ಹಣ ತಲುಪಿತು

ವಿರಾಜಪೇಟೆಯಿಂದ ತಾಂಜಾನಿಯಾದಲ್ಲಿರುವ ಮಿಷನ್ ಸೇವಕರಿಗೆ ದಾನಿಗಳ ಹಣ ಕಳಿಸುವುದು ಹೇಗೆಂದು ಕೇಳಿದ್ದೆ. ತಲುಪಿದೆ, ಎಲ್ಲರಿಗೂ ವಂದನೆ.

ಚರ್ಚ್ ಟ್ರಸ್ಟ್ ಖಾತೆಯಿಂದ ಕಳಿಸುವ ಸಲಹೆ ನಡೆಯಲಿಲ್ಲ. ವಿದೇಶಕ್ಕೆ ಹಣ ಕಳಿಸಲು ಆರ್‌ಬಿಐ ಕೊಟ್ಟಿರುವ ಎಲ್‌ಆರ್‌ಎಸ್ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ. ಮೇಲಾಗಿ, ಟ್ರಸ್ಟ್ ವಿದೇಶದಲ್ಲಿ ಖರ್ಚು ಮಾಡಿದ್ದಕ್ಕೆ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಒಪ್ಪಿಗೆ ಇಲ್ಲದೆ ತೆರಿಗೆ ವಿನಾಯಿತಿ ಸಿಗದು.

ಕೈಹಿಡಿದದ್ದು ‘ಪ್ರತಿ ದಾನಿಯೂ ತನ್ನ ಖಾತೆಯಿಂದಲೇ ಕಳಿಸಲಿ’ ಎಂದವರ ಮಾತು. ಪ್ಯಾನ್, ಎ2 ಫಾರಂ (ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಅರ್ಜಿ), ಪರ್ಪಸ್ ಕೋಡ್ ಎಸ್1302 (ಉಡುಗೊರೆ, ದಾನಕ್ಕೆ ಎಂದು ತೋರಿಸುವ ಕೋಡ್), ಅಲ್ಲಿನ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಇದ್ದರೆ ಸಾಕು. ಹೆಸರು ಮಾತ್ರ ಅಲ್ಲಿನ ಖಾತೆಯಲ್ಲಿ ಇರುವಂತೆಯೇ ಬರೆಯಿರಿ. ಮನೆತನದ ಹೆಸರು ಬಿಟ್ಟುಹೋದರೂ ಹಣ ತಡೆಯಾಗಬಹುದು.

ಗೊತ್ತೇ ಇರದಿದ್ದ ಸಂಗತಿ: ಚಾರ್ಜ್ ಕಳಿಸುವವರದೇ ಎಂದು ಟಿಕ್ ಮಾಡದಿದ್ದರೆ ಮಧ್ಯದ ಬ್ಯಾಂಕ್ ತನ್ನ ಪಾಲು ಮುರಿದುಕೊಳ್ಳುತ್ತದೆ. ಸಣ್ಣ ಮೊತ್ತಕ್ಕೆ ಅದು ದೊಡ್ಡ ಪೆಟ್ಟು. ತಿಂಗಳು ತಿಂಗಳು ಕಳಿಸುವ ಬದಲು ಕಾಫಿ ಬೆಳೆಯ ದುಡ್ಡು ಕೈಗೆ ಬಂದಾಗ ಒಟ್ಟಿಗೆ ಕಳಿಸುವುದೇ ಲೇಸು. ಒಬ್ಬರು ವಿದೇಶಕ್ಕೆ ಕಳಿಸಿದ ಒಟ್ಟು ಮೊತ್ತ ಹಣಕಾಸು ವರ್ಷದಲ್ಲಿ 10 ಲಕ್ಷ ದಾಟದಿದ್ದರೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ) ಇಲ್ಲ.