ಪದಚರ್ಚೆ: ಪೈ ಚಾರ್ಟಿನ ‘ಸ್ಲೈಸ್’ ಹೋಳೋ, ತೊಳೆಯೋ, ಪಾಲೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಕನ್ನಡ ಸಂಘದ ವಾರ್ಷಿಕ ವರದಿಗೆ ಖರ್ಚಿನ ಪೈ ಚಾರ್ಟ್, ಅಂದರೆ ವೃತ್ತವನ್ನು ಭಾಗಗಳಾಗಿ ಸೀಳಿ ಲೆಕ್ಕ ತೋರಿಸುವ ಚಿತ್ರ, ಬರೆಯಲು ಒಂದು ಆನ್‌ಲೈನ್ ಸಾಧನವನ್ನು ತೆರೆದೆ. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದಾಗ ‘ದಂತಕಥೆ ತೋರಿಸು’ ಎಂಬ ಗುಂಡಿ ಬಂದಿತು. ಇಂಗ್ಲಿಷಿನ ‘ಲೆಜೆಂಡ್’ ಇಲ್ಲಿ ದಂತಕಥೆಯಲ್ಲ, ಯಾವ ಬಣ್ಣ ಯಾವ ಬಾಬ್ತಿನದು ಎಂದು ತಿಳಿಸುವ ಪಟ್ಟಿ. ಅದಕ್ಕೆ ‘ಬಣ್ಣಸೂಚಿ’ ಎಂದರೆ ಸಾಕು ಎನಿಸುತ್ತದೆ.

ಚಾರ್ಟಿನ ಹೆಸರಿಗೆ ನನ್ನ ಒಲವು ‘ವೃತ್ತ ನಕ್ಷೆ’ಯ ಕಡೆಗೆ. ‘ಪೈ ನಕ್ಷೆ’ಯೂ ಬಳಕೆಯಲ್ಲಿದೆ, ಆದರೆ ವೃತ್ತದ ಪಾಠದಲ್ಲಿ ಸುಮಾರು 22/7 ಆಗುವ ‘ಪೈ’ಯನ್ನು ಕಲಿತ ಮಗು ಎರಡೂ ಒಂದೇ ಎಂದುಕೊಳ್ಳುತ್ತದೆ. ಹಿರಿಯರಿಗೆ ಪೈ ಎಂದರೆ ಆಣೆಯ ಹನ್ನೆರಡನೆಯ ಒಂದು ಭಾಗ. ವಿಲಿಯಂ ಪ್ಲೇಫೇರ್ 1801ರಲ್ಲಿ ಇಂಥ ಚಿತ್ರವನ್ನು ಅಚ್ಚು ಹಾಕಿಸಿದ. ‘ಪೈ’ ಎಂಬ ದುಂಡನೆಯ ತಿನಿಸಿನ ಹೆಸರು ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಫ್ರೆಂಚರು ಇದನ್ನು ತಮ್ಮ ಕಮಾಂಬೆರ್ ಚೀಸಿನ ಹೆಸರಿನಿಂದ ಕರೆಯುತ್ತಾರೆ, ಬ್ರೆಜಿಲಿನವರು ಪಿಜ್ಜಾ ಎನ್ನುತ್ತಾರೆ. ಅವರವರ ತಟ್ಟೆಯಲ್ಲಿ ಇರುವುದು ಅವರವರ ಮಾತಿಗೆ ಬಂದಿದೆ.

ಹಾಗಾದರೆ ‘ಸ್ಲೈಸ್’ಗೆ ನಮ್ಮ ತಟ್ಟೆಯಿಂದ ಯಾವ ಪದ? ರೇಖಾಗಣಿತದ ‘ತ್ರಿಜ್ಯಾಂತರ ಖಂಡ’ ಕರಾರುವಾಕ್ಕಾದ ಪದವೇ, ಆದರೆ ಗುಂಡಿಯ ಮೇಲೆ ಹಿಡಿಸುವುದಿಲ್ಲ. ‘ಹೋಳು’ ಎಂದ ಕೂಡಲೇ ನನಗೆ ಮಾವಿನಕಾಯಿ ನೆನಪಾಗುತ್ತದೆ: ಚಾಕು ಹೋದ ಕಡೆಗೆ ಹೋಳು, ಅದಕ್ಕೆ ನಿಶ್ಚಿತ ಆಕಾರವಿಲ್ಲ. ಕಿತ್ತಳೆಯನ್ನು ಅಡ್ಡಲಾಗಿ ಕೊಯ್ದು ನೋಡಿ. ನಡುವಿನ ಬಿಂದುವಿನಿಂದ ಅಂಚಿನವರೆಗೆ ಅಗಲವಾಗುತ್ತ ಹೋಗುವ ತೊಳೆಗಳು ಥೇಟ್ ವೃತ್ತ ನಕ್ಷೆಯಂತೆಯೇ ಕಾಣುತ್ತವೆ. ಆದ್ದರಿಂದ ಆಕಾರಕ್ಕೆ ‘ತೊಳೆ’, ಅದು ಸೂಚಿಸುವ ಮೊತ್ತಕ್ಕೆ ‘ಪಾಲು’ ಎಂದು ಎರಡನ್ನೂ ಇಟ್ಟುಕೊಳ್ಳಬಹುದಲ್ಲವೇ? ‘ಬಾಡಿಗೆಯ ಪಾಲು ಶೇ. 25, ಅದರ ತೊಳೆ 90 ಡಿಗ್ರಿ’ ಎಂದು ಬರೆದರೆ ಗೊಂದಲವಿಲ್ಲ.

ಇನ್ನೊಂದು ತೊಡಕು ಸಣ್ಣ ತೊಳೆಗಳದ್ದು. ಶೇ. 1ಕ್ಕೆ ಸಿಗುವುದು 3.6 ಡಿಗ್ರಿ ಮಾತ್ರ; ಅದರೊಳಗೆ ‘ಅಂಚೆ ವೆಚ್ಚ’ ಎಂದು ಬರೆದರೆ ಒತ್ತಕ್ಷರ ಪಕ್ಕದ ಬಣ್ಣಕ್ಕೆ ಹೋಗಿ ಬೀಳುತ್ತದೆ. ಹೆಸರನ್ನು ಹೊರಗಿಟ್ಟು ಗೆರೆ ಎಳೆದು ನೋಡಿದೆ, ಗೆರೆಗಳೇ ಹೆಚ್ಚಾದವು. ಕೊನೆಗೆ ಸಣ್ಣ ಬಾಬ್ತುಗಳನ್ನೆಲ್ಲ ಒಂದೇ ತೊಳೆಗೆ ಸೇರಿಸಿದೆ. ಉಳಿದವನ್ನು ದೊಡ್ಡದರಿಂದ ಚಿಕ್ಕದಕ್ಕೆ, ಗಡಿಯಾರದ ಹನ್ನೆರಡರಿಂದ ಶುರುಮಾಡಿ ಜೋಡಿಸಿದ ಮೇಲೆ ಬಣ್ಣಸೂಚಿಯ ಅಗತ್ಯವೇ ಬೀಳಲಿಲ್ಲ. ಹೆಸರುಗಳೆಲ್ಲ ತೊಳೆಗಳ ಮೇಲೆಯೇ ಕುಳಿತವು. ಒಟ್ಟು ಸೇರಿಸಿದ ಆ ತೊಳೆಗೆ ಸಾಧನ ಕೊಟ್ಟ ಹೆಸರು ‘ಇತರೆ’. ನಮ್ಮ ಖಜಾಂಚಿಯವರು ‘ಚಿಲ್ಲರೆ ಖರ್ಚು’ ಎಂದು ತಿದ್ದಿದರು. ನನಗೂ ಅದೇ ಹಿಡಿಸಿತು.

ಕರಾವಳಿಯ ಕಡೆ ಹಲಸಿನ ತೊಳೆಯನ್ನು ‘ಸೊಳೆ’ ಎನ್ನುವುದನ್ನು ಕೇಳಿದ್ದೇನೆ. ಕಿತ್ತಳೆಗೂ ಅಲ್ಲಿ ಅದೇ ಪದವೇ? ಉತ್ತರ ಕರ್ನಾಟಕದಲ್ಲಿ ಏನೆನ್ನುತ್ತೀರಿ? ವರದಿ ಅಚ್ಚಿಗೆ ಹೋಗಲು ಇನ್ನೂ ಎರಡು ವಾರವಿದೆ. ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.